ಪರರ ನೆಲದಲ್ಲಿ ನಿರಂತರ ಕಾವಲು

ಸಂಸ್ಥೆಯೊಂದರ ಗಣಕಜಾಲಕ್ಕೂ ಹೊರಗಣ ಇಂಟರ್‌ನೆಟ್ಟಿಗೂ ನಡುವೆ ನಿಂತು, ಬರುವ ಹೋಗುವ ಪ್ರತಿಯೊಂದು ಪ್ಯಾಕೆಟ್ಟನ್ನೂ ಪರೀಕ್ಷಿಸಿ ಬಿಡುವ ಫೈರ್‌ವಾಲಿಗೆ ಯಾವುದು ಗುಣವೋ ಅದೇ ದೋಷವೂ ಹೌದು: ಸಕಲ ಸಂಚಾರವೂ ಅದೊಂದರ ಮೂಲಕವೇ ಸಾಗಬೇಕಾದುದರಿಂದ, ಅದು ಕೆಟ್ಟು ನಿಂತಿತೆಂದರೆ ವ್ಯವಹಾರವೆಲ್ಲ ಸ್ತಬ್ಧವಾಗುತ್ತದೆ. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಸಹಸ್ರಾರು ಯಂತ್ರಗಳನ್ನು ಆಕ್ರಮಿಸಿದ ತರುವಾಯ ಇಂಥ ಕಾವಲಿನ ಅಗತ್ಯ ಎಲ್ಲರಿಗೂ ಮನದಟ್ಟಾಯಿತು. ಮೊದಮೊದಲಿನ ಫೈರ್‌ವಾಲುಗಳು ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಮಾತ್ರ ನೋಡುತ್ತಿದ್ದುವು, ಅವಕ್ಕೆ ಸ್ಮೃತಿಯೆಂಬುದಿರಲಿಲ್ಲ. 1994ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಫೈರ್‌ವಾಲ್-1 ಬಳಕೆಗೆ ಬಂದ ಮೇಲೆ, ಯಾರು ಯಾರೊಡನೆ ಸಂಪರ್ಕವನ್ನಾರಂಭಿಸಿದರು, ಅದು ಈಗ ಯಾವ ಹಂತದಲ್ಲಿದೆ ಎಂಬುದನ್ನು ಕೋಷ್ಟಕವೊಂದರಲ್ಲಿ ನೆನಪಿಟ್ಟು ತೀರ್ಮಾನಿಸುವ ಪದ್ಧತಿ ರೂಢಿಯಾಯಿತು. ಈ ಸೆಷನ್ ಸ್ಮೃತಿಯೇ ಮುಂದಿನ ಕ್ಲೇಶಕ್ಕೆಲ್ಲ ಬೀಜವೆಂದು ನನ್ನ ಮತ. ಯಂತ್ರವೊಂದರ ಸ್ಥಾನದಲ್ಲಿ ಇನ್ನೊಂದನ್ನಿಡುವುದು ಸುಲಭಸಾಧ್ಯ. ಅದರ ನೆನಪನ್ನು ಇನ್ನೊಂದಕ್ಕೆ ದಾಟಿಸುವುದು ಹಾಗಲ್ಲ.

ಸ್ವಂತ ಕಟ್ಟಡದಲ್ಲಿ ಸ್ವಂತ ತಂತಿಗಳಿದ್ದ ಕಾಲದಲ್ಲಿ ಇದಕ್ಕೊಂದು ಸುಂದರವಾದ ಪರಿಹಾರ ದೊರೆಯಿತು. 1998ರಲ್ಲಿ ವಿಆರ್‌ಆರ್‌ಪಿ ಎಂಬ ನಿಯಮಾವಳಿ ಪ್ರಕಟವಾಯಿತು. ಸಿಸ್ಕೋ ಸಂಸ್ಥೆಯ ಇಂಥದೇ ನಿಯಮಾವಳಿಯಾದ ಎಚ್‌ಎಸ್‌ಆರ್‌ಪಿಯ ವಿವರಣೆಯೂ ಅದೇ ವರ್ಷ ಹೊರಬಂದಿತು. ವಿಆರ್‌ಆರ್‌ಪಿಯಲ್ಲಿ ಎರಡು ಯಂತ್ರಗಳು ಒಂದೇ ಐಪಿ ವಿಳಾಸಕ್ಕೆ ಹಕ್ಕುದಾರರಾಗಿದ್ದು, ಪ್ರಧಾನ ಯಂತ್ರವು ಕ್ಷಣಕ್ಷಣಕ್ಕೂ, ವಾಡಿಕೆಯಂತೆ ಸೆಕೆಂಡಿಗೊಮ್ಮೆ, ತಾನು ಜೀವಂತವಾಗಿರುವುದನ್ನು ಸಾರುತ್ತಿರುವುದು. ಆ ಸಾರುವಿಕೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಕೇಳದಿದ್ದರೆ ಎರಡನೆಯದು ವಿಳಾಸವನ್ನು ತಾನು ವಹಿಸಿಕೊಂಡು, ಆ ಸಂಗತಿಯನ್ನು ಎಆರ್‌ಪಿ ಸಂದೇಶದಿಂದ ಸ್ವಿಚ್ಚುಗಳಿಗೂ ನೆರೆಯ ಯಂತ್ರಗಳಿಗೂ ತಿಳಿಸುವುದು. ಓಪನ್‌ಬಿಎಸ್‌ಡಿ ಬಳಗದವರು 2003-04ರ ಸುಮಾರಿಗೆ ನೀಡಿದ ಪಿಎಫ್‌ಸಿಂಕ್ ಮತ್ತು ಕಾರ್ಪ್ ಎಂಬೆರಡು ಸಾಧನಗಳಲ್ಲಿ ಸ್ಮೃತಿಯ ವರ್ಗಾವಣೆಯೂ ಸೇರಿತು: ಸೆಷನ್ ಕೋಷ್ಟಕದ ಪ್ರತಿಯೊಂದು ಬದಲಾವಣೆಯೂ ಪ್ರತ್ಯೇಕ ತಂತಿಯೊಂದರ ಮೂಲಕ ಜೊತೆಗಾರನಿಗೆ ಮುಟ್ಟುತ್ತಿದ್ದಿತು. ಒಂದು ಯಂತ್ರ ಬಿದ್ದರೂ ನಡೆಯುತ್ತಿದ್ದ ಕಡತವರ್ಗಾವಣೆ ಮುರಿಯುತ್ತಿರಲಿಲ್ಲ. ಇಷ್ಟು ಅಲ್ಪ ಸಾಮಗ್ರಿಯಿಂದ ಇಷ್ಟು ದೊಡ್ಡ ಪ್ರಯೋಜನ ಪಡೆದ ಆ ಶಿಲ್ಪಿಗಳನ್ನು ನೆನೆದಾಗ ನನಗೆ ಗೌರವವುಂಟಾಗುತ್ತದೆ.

ಅಮೆಜಾನ್ ಸಂಸ್ಥೆ 2006ರಲ್ಲಿ ಗಣಕಗಳನ್ನು ಬಾಡಿಗೆಗೆ ಕೊಡುವ ಇಸಿ2 ಎಂಬ ಕ್ಲೌಡ್ ಸೇವೆಯನ್ನೂ 2009ರಲ್ಲಿ ವಿಪಿಸಿ ಎಂಬ ಖಾಸಗಿ ಜಾಲವನ್ನೂ ತೆರೆದಾಗ, ಈ ಪರಿಹಾರ ನಿಂತಿದ್ದ ನೆಲವೇ ಸರಿಯಿತು. ಅಲ್ಲಿ ತಂತಿ ಗ್ರಾಹಕನದಲ್ಲ. ಜಾಲವೆಂಬುದು ತಂತ್ರಾಂಶ ಬರೆದ ಚಿತ್ರ. ಹಿಂದಿನ ಆ ಮಲ್ಟಿಕ್ಯಾಸ್ಟ್ ಸಾರುವಿಕೆ ಅಲ್ಲಿ ಸಾಗುತ್ತಿರಲಿಲ್ಲ. ಎಆರ್‌ಪಿ ಪ್ರಶ್ನೆಗೆ ಉತ್ತರವೀಯುವುದು ನೆರೆಯ ಯಂತ್ರವಲ್ಲ, ಕ್ಲೌಡಿನ ಒಳವ್ಯವಸ್ಥೆ. ಹೊಲದಲ್ಲಿ ನಿಂತು ಇದು ನನ್ನದೆಂದು ಎಷ್ಟು ಕೂಗಿದರೂ ಶ್ಯಾನುಭೋಗರ ಲೆಕ್ಕದಲ್ಲಿ ಖಾತೆ ಬದಲಾಗದೆ ಹೊಲ ಕೈಸೇರದಂತೆ, ಎರಡನೆಯ ಫೈರ್‌ವಾಲಿನ ಘೋಷಣೆ ಅಲ್ಲಿ ನಿಷ್ಫಲವಾಯಿತು. ಆದಕಾರಣ ಅದು ಎಪಿಐ ಮೂಲಕ ಕ್ಲೌಡಿನ ಒಡೆಯನಿಗೆ ಅರ್ಜಿ ಸಲ್ಲಿಸಿ, ಸಾರ್ವಜನಿಕ ವಿಳಾಸವನ್ನು ತನ್ನೆಡೆಗೆ ತಿರುಗಿಸುವ ಇಲ್ಲವೆ ರೂಟ್ ಟೇಬಲ್ಲನ್ನು ತಿದ್ದಿಸುವ ಕ್ರಮವನ್ನು ಹಿಡಿಯಬೇಕಾಯಿತು. ಅರ್ಜಿ ಫಲಿಸಲು ಕೆಲವೊಮ್ಮೆ ಹತ್ತಾರು ಸೆಕೆಂಡುಗಳು ಹಿಡಿದುವು. ಅದಕ್ಕಿಂತಲೂ ಗಂಭೀರವಾದುದು, ಹೊರಲೋಕಕ್ಕೆ ಮುಖವೊಡ್ಡಿ ನಿಂತ ಫೈರ್‌ವಾಲಿಗೇ ಜಾಲದ ಮಾರ್ಗಗಳನ್ನು ತಿದ್ದುವ ಅಧಿಕಾರವನ್ನು ಕೊಡಬೇಕಾಗಿ ಬಂದುದು. ಎರಡೂ ಯಂತ್ರಗಳು ಬದುಕಿದ್ದು ಒಂದನ್ನೊಂದು ಸತ್ತಿತೆಂದು ಭ್ರಮಿಸಿದಾಗ, ಕೊನೆಯಲ್ಲಿ ಬರೆದವನ ಬರೆಹವೇ ಗೆಲ್ಲುತ್ತಿದ್ದಿತು. ಈ ಕ್ರಮವನ್ನು ಅನಿವಾರ್ಯ ಸಂಧಿಕಾಲದ ಉಪಾಯವೆಂದು ಕ್ಷಮಿಸಬಹುದೇ ಹೊರತು ಆದರ್ಶವೆಂದು ಒಪ್ಪಲಾಗದು.

ತದನಂತರದ ಯತ್ನ, ಫೈರ್‌ವಾಲುಗಳ ಮುಂದೆಯೂ ಹಿಂದೆಯೂ ಸಂಚಾರವನ್ನು ಹಂಚುವ ಲೋಡ್ ಬ್ಯಾಲೆನ್ಸರುಗಳನ್ನಿಟ್ಟು ಎಲ್ಲವನ್ನೂ ಏಕಕಾಲಕ್ಕೆ ದುಡಿಸುವುದು. ಮೈಕ್ರೋಸಾಫ್ಟ್‌ನ ಆಜೂರ್ 2018ರಲ್ಲಿ ಸಮಸ್ತ ಪೋರ್ಟುಗಳಿಗೂ ಒಂದೇ ನಿಯಮ ಸಾಲುವಂತೆ ಮಾಡಿ ಇದನ್ನು ಸುಗಮಗೊಳಿಸಿತು. ಆದರೆ ಹೋಗುವಾಗ ಒಂದು ಫೈರ್‌ವಾಲನ್ನು ಹಾದ ಸಂಪರ್ಕದ ಉತ್ತರ ಮರಳುವಾಗ ಇನ್ನೊಂದಕ್ಕೆ ಬಂದರೆ, ಸ್ಮೃತಿಯಿಲ್ಲದ ಆ ಎರಡನೆಯದು ಅದನ್ನು ಆಗಂತುಕನೆಂದು ತಳ್ಳಿಬಿಡುತ್ತದೆ. ಮೂಲವಿಳಾಸವನ್ನು ಫೈರ್‌ವಾಲಿನ ವಿಳಾಸವಾಗಿ ಬದಲಿಸಿದರೆ ಉತ್ತರ ಸರಿದಾರಿಗೆ ಬರುವುದೇನೋ ನಿಜ. ಆದರೆ ಬಂದವನಾರೆಂಬುದೇ ಒಳಗಿನ ಸರ್ವರ್ ಯಂತ್ರಕ್ಕೆ ಕಾಣದು.

ಇದನ್ನು ನೀಗಿದುದು 2020ರ ನವೆಂಬರಿನಲ್ಲಿ ಬಂದ ಅಮೆಜಾನಿನ ಗೇಟ್‌ವೇ ಲೋಡ್ ಬ್ಯಾಲೆನ್ಸರ್. ಅದು ಮೂಲ ಪ್ಯಾಕೆಟ್ಟನ್ನು ಕದಲಿಸದೆ, ಜಿನೀವ್ ಎಂಬ ಹೊದಿಕೆಯಲ್ಲಿ ಸುತ್ತಿ, ಯುಡಿಪಿ 6081ನೆಯ ಪೋರ್ಟಿಗೆ ಕಳುಹಿಸಿ, ಒಂದು ಸಂಪರ್ಕದ ಎರಡು ದಿಕ್ಕುಗಳೂ ಒಂದೇ ಫೈರ್‌ವಾಲನ್ನು ಸೇರುವಂತೆ ನೋಡಿಕೊಳ್ಳುತ್ತದೆ. ಆಜೂರ್ ಕೂಡ ತರುವಾಯ ವಿಎಕ್ಸ್‌ಲ್ಯಾನ್ ಹೊದಿಕೆಯಿಂದ ಇಂಥದೇ ಸೇವೆಯನ್ನು ಒದಗಿಸಿತು. ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಸಾರ್ಥಕವಾದ ಹೆಜ್ಜೆಯಿದು.

ಆದರೂ ಸ್ಮೃತಿಯ ಪ್ರಶ್ನೆ ಉಳಿದೇ ಇದೆ. ಫೈರ್‌ವಾಲೊಂದು ಬಿದ್ದಾಗ ಹೊಸ ಸಂಪರ್ಕಗಳು ಬೇರೊಂದಕ್ಕೆ ಹೋಗುವುವು; ನಡೆಯುತ್ತಿದ್ದುವು ಮೊದಲು ಆ ಸತ್ತ ಯಂತ್ರಕ್ಕೇ ಅಂಟಿಕೊಂಡಿರುತ್ತಿದ್ದುವು. ಅವುಗಳನ್ನೂ ಸ್ಥಳಾಂತರಿಸುವ ಆಯ್ಕೆ 2022ರಲ್ಲಿ ಬಂದಿತಾದರೂ, ಹೊಸ ಫೈರ್‌ವಾಲಿಗೆ ಆ ಸಂಪರ್ಕದ ಆದಿ ತಿಳಿಯದು. ನಡುವಿನಲ್ಲಿ ಬಂದುದನ್ನು ಒಪ್ಪಿದರೆ ಕಾವಲು ಸಡಿಲ, ಒಪ್ಪದಿದ್ದರೆ ಸಂಪರ್ಕ ಭಂಗ. ಕ್ಷಣದಲ್ಲಿ ಮುಗಿಯುವ ವೆಬ್ ವಿನಂತಿಗೆ ಇದು ಬಾಧಕವಲ್ಲ. ಗಂಟೆಗಟ್ಟಲೆ ತೆರೆದಿರುವ ಡೇಟಾಬೇಸ್ ಸಂಪರ್ಕಕ್ಕೆ ಘಾತಕ.

ಈ ತೊಡಕುಗಳನ್ನು ತಾವೇ ನಿಭಾಯಿಸಲಾರದವರಿಗೆ ಇನ್ನೊಂದು ದಾರಿಯೂ ಇದೆ: ಆಜೂರ್ ಫೈರ್‌ವಾಲ್, ಅಮೆಜಾನಿನ ನೆಟ್‌ವರ್ಕ್ ಫೈರ್‌ವಾಲ್ ಮೊದಲಾದ ಸೇವೆಗಳು ಯಂತ್ರಗಳ ಪಾಲನೆಯನ್ನೆಲ್ಲ ಕ್ಲೌಡಿನವರಿಗೇ ಒಪ್ಪಿಸಿ, ಕಿರಿಯ ಸಂಸ್ಥೆಗಳಿಗೆ ಬಹಳ ಉಪಕಾರ ಮಾಡಿವೆ. ಅಮೆಜಾನಿನದರಲ್ಲಿ ಮಾತ್ರ, ಪ್ರತಿಯೊಂದು ಅವೈಲಬಿಲಿಟಿ ಜೋನಿನಲ್ಲೂ (ಪ್ರತ್ಯೇಕ ದತ್ತಾಂಶಕೇಂದ್ರಗಳ ವಲಯದಲ್ಲೂ) ಒಂದೊಂದು ಎಂಡ್‌ಪಾಯಿಂಟನ್ನಿಟ್ಟು, ಆಯಾ ಜೋನಿನ ಸಂಚಾರ ಅದರದರ ಎಂಡ್‌ಪಾಯಿಂಟಿನ ಮೂಲಕವೇ ಹೋಗಿಬರುವಂತೆ ರೂಟ್ ಟೇಬಲ್ಲುಗಳನ್ನು ಬರೆಯುವ ಹೊಣೆ ಸಾಮಾನ್ಯವಾಗಿ ಗ್ರಾಹಕನದೇ ಆಗಿದೆ.