ಧನುಷ್ಕೋಟಿಯ ನಿಲ್ದಾಣ

ನಮ್ಮ ಹಿರಿಯರು ಸೇತುಸ್ನಾನಕ್ಕೆ ಹೋಗಿ, ಧನುಷ್ಕೋಟಿಯ ಮರಳನ್ನು ಗಂಟುಕಟ್ಟಿ ತಂದು ಗಂಗೆಗೆ ಒಪ್ಪಿಸುತ್ತಿದ್ದರು. ಗಂಗೆಯ ನೀರು ರಾಮೇಶ್ವರಕ್ಕೆ ಮುಟ್ಟಿದಮೇಲೆಯೇ ಕಾಶೀಯಾತ್ರೆ ಪೂರ್ಣ. ಹೀಗಾಗಿ, ಆ ಮರಳ ತುದಿಯಲ್ಲಿ ರೈಲು ನಿಲ್ದಾಣವೊಂದಿತ್ತೆಂದರೆ ಅದನ್ನು ಯಾತ್ರಿಕರಿಗಾಗಿ ಕಟ್ಟಿದ್ದೆಂದೇ ನಾವು ಭಾವಿಸುತ್ತೇವೆ. ನಿಜ ಬೇರೆ.

1914ರಲ್ಲಿ ಪಾಂಬನ್ ಸೇತುವೆ ತೆರೆದಾಗ ಮುಖ್ಯ ಹಳಿ ಹೋದದ್ದು ಧನುಷ್ಕೋಟಿಗೆ. ರಾಮನಾಥನ ಗುಡಿಗೆ ದೊರೆತದ್ದು ಬರಿಯ ಕವಲುಹಳಿ. ಮದರಾಸಿನಿಂದ ಬೋಟ್ ಮೇಲ್‌ನಲ್ಲಿ ಬಂದವರು ಇಲ್ಲಿ ಇಳಿದು, ಹಡಗು ಹತ್ತಿ, ಸುಮಾರು 22 ಮೈಲಿ ಕಡಲು ದಾಟಿ, ತಲೈಮನ್ನಾರಿನಲ್ಲಿ ಕೊಲಂಬೊ ರೈಲು ಹಿಡಿಯುತ್ತಿದ್ದರು. ವ್ಯಾಪಾರಿಗಳಿದ್ದರು, ಅಧಿಕಾರಿಗಳಿದ್ದರು. ಆದರೆ ಗುಂಪುಗುಂಪಾಗಿ ಹೋದವರು ಸಿಂಹಳದ ಚಹಾ ತೋಟಗಳ ತಮಿಳು ಕೂಲಿಗಳು. ರೋಗ ದಾಟಿ ಹೋಗದಿರಲೆಂದು ಅವರನ್ನು ಮೊದಲು ಮಂಡಪಂ ಶಿಬಿರದಲ್ಲಿ ತಡೆದಿರಿಸಿ, ಪರೀಕ್ಷಿಸಿ, ಆಮೇಲೆ ಬಿಡುತ್ತಿದ್ದರು.

ಬಿಲ್ಲಿನ ತುದಿ ಎಂಬುದು ಊರಿನ ಹೆಸರಿನ ಅರ್ಥ. ತಮಿಳರ ಬಾಯಲ್ಲಿ ಅದು ಧನುಷ್ಕೋಡಿ. ಕನ್ನಡದ ಕಿವಿಗೆ ಕೋಡಿಯೆಂದರೆ ಕೆರೆ ತುಂಬಿ ನೀರು ಹೊರಬೀಳುವ ಜಾಗ. ಮುಂದೆ ನಡೆದದ್ದನ್ನು ನೆನೆದರೆ, ಈ ತಪ್ಪು ಅರ್ಥವೇ ಮನಸ್ಸಿನಲ್ಲಿ ನಿಲ್ಲುತ್ತದೆ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬೀಸಿತು. ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ಗಾಡಿ ನಿಲ್ದಾಣದ ಸಮೀಪಕ್ಕೆ ಬಂದಿತ್ತು. ಅಲೆ ಗಾಡಿಯನ್ನೇ ನುಂಗಿತು. ಲೆಕ್ಕಕ್ಕೆ ಸಿಕ್ಕವರು 110 ಪ್ರಯಾಣಿಕರು, 5 ಸಿಬ್ಬಂದಿ. ಟಿಕೆಟಿಲ್ಲದೆ ಹತ್ತಿದವರನ್ನು ಯಾವ ಪುಸ್ತಕದಲ್ಲಿ ಹುಡುಕೋಣ?

ಮುರಿದ ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ಎಂಬ ತರುಣ ಎಂಜಿನಿಯರರ ತಂಡ 46 ದಿನಗಳಲ್ಲಿ ದುರಸ್ತಿ ಮಾಡಿತು. (ಕೊಂಕಣ ರೈಲನ್ನು ನಮ್ಮ ಕರಾವಳಿಗೆ ತಂದವರೂ ಇವರೇ.) ರೈಲು ಮತ್ತೆ ರಾಮೇಶ್ವರಕ್ಕೆ ಓಡಿತು, ಧನುಷ್ಕೋಟಿಗೆ ಓಡಲಿಲ್ಲ. 2017ರಲ್ಲಿ ಅಲ್ಲಿಯ ತುತ್ತತುದಿಗೆ ಡಾಂಬರು ರಸ್ತೆಯಾದಮೇಲೆ ನೋಡಲು ಬರುವವರು ಹೆಚ್ಚಿದ್ದಾರೆ. ಅವರು ಕೇಳುವುದು ಬಿರುಗಾಳಿಯ ಕಥೆಯನ್ನೇ; ಪಾಳುಗೋಡೆಗಳ ನಡುವೆ ನಿಂತವರಿಗೆ ಬೇರೆ ಕಥೆ ನೆನಪಾಗುವುದೂ ಕಷ್ಟ.

ಅದೇ 1964ರ ಅಕ್ಟೋಬರ್ 30ರಂದು, ಗಾಳಿಗೆ ಎರಡು ತಿಂಗಳೂ ಮುನ್ನವಲ್ಲ, ಶಾಸ್ತ್ರಿ–ಸಿರಿಮಾವೊ ಒಪ್ಪಂದವಾಗಿತ್ತು. ಸಿಂಹಳದಲ್ಲಿದ್ದ ಭಾರತೀಯ ಮೂಲದವರಲ್ಲಿ 5,25,000 ಮಂದಿಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಭಾರತ ಒಪ್ಪಿತ್ತು. ಅಜ್ಜಂದಿರನ್ನು ಹಡಗು ಹತ್ತಿಸಿದ ನಿಲ್ದಾಣ ಮೊಮ್ಮಕ್ಕಳು ಬರುವ ಹೊತ್ತಿಗೆ ಇರಲಿಲ್ಲ. ತಲೈಮನ್ನಾರಿನಿಂದ ಬಂದ ಹಡಗು ಅವರನ್ನು ರಾಮೇಶ್ವರದಲ್ಲಿ ಇಳಿಸಿತು. ಅಲ್ಲಿಂದ ಅವರು ಹೋದದ್ದು ಅದೇ ಮಂಡಪಂ ಶಿಬಿರಕ್ಕೆ. ಅವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ತೋಟದ ಲೈನುಮನೆಗಳಲ್ಲಿ. ಭಾರತವನ್ನು ಅವರು ಕಂಡದ್ದು ಅದೇ ಮೊದಲು.