ಭಾಷೆ ಬದಲಿಸುವ ಕೀಲಿ

ಔರಾದ ತಾಲ್ಲೂಕಿನ ಹಳೆಯ ಕಾಗದಪತ್ರ ಓದುವವರಿಗೆ ಒಂದು ಲಿಪಿ ಸಾಲದು. 1956ರ ಅಕ್ಟೋಬರ್ ಕೊನೆಯವರೆಗೂ ಇದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿತ್ತು. ನಿಜಾಮರ ಕಾಲದ ಕಚೇರಿ ಭಾಷೆ ಉರ್ದು; ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ಮರಾಠಿ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ, ಔರಾದ, ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಜಿಲ್ಲೆ ಹಂಚಿಹೋಯಿತು, ನುಡಿಗಳು ಹಾಗೆ ಹಂಚಿಹೋಗಲಿಲ್ಲ. ಈ ಸೀಮೆಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನ್ನ ಟಿಪ್ಪಣಿಯ ಒಂದೇ ಪುಟದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಜೊತೆಗೆ ಬಲದಿಂದ ಎಡಕ್ಕೆ ಸಾಗುವ ಉರ್ದು ಕೂಡ ಬರುತ್ತದೆ. ಅದಕ್ಕೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಹೊಸ ವೇಷ ತೊಟ್ಟು ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಭಾಷೆ ಬದಲಿಸುವ ಕೀಲಿಯನ್ನು.

ಆ ಕೀಲಿ ಕಾಣೆಯಾಗುವುದರ ಹಿಂದೆ ಒಂದು ವಾದದ ಚರಿತ್ರೆಯಿದೆ. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಗ್ನೋಮ್ ಡೆಸ್ಕ್‌ಟಾಪಿನ 2ನೇ ಆವೃತ್ತಿ 2002ರಲ್ಲಿ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹ್ಯಾವಕ್ ಪೆನಿಂಗ್ಟನ್ ಅದೇ ಸುಮಾರಿಗೆ ಒಂದು ಪ್ರಬಂಧ ಬರೆದರು. ಪ್ರತಿಯೊಂದು ಆಯ್ಕೆಗೂ ಬೆಲೆಯಿದೆ, ಒಂದು ಸೆಟ್ಟಿಂಗ್ ಸೇರಿಸಿದರೆ ಪರೀಕ್ಷಿಸಬೇಕಾದ ಸಂದರ್ಭಗಳು ಹೆಚ್ಚುತ್ತವೆ, ಬಳಸುವವರಿಗೂ ಗೊಂದಲ ಎಂಬುದು ಅವರ ವಾದ. ಇದು ಸುಳ್ಳಲ್ಲ. ಆದರೆ 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗ ಈ ಮಿತವ್ಯಯ ಬಹಳ ಜನರಿಗೆ ಜಿಪುಣತನದಂತೆ ಕಂಡಿತು. ಪಟ್ಟಿಗಳನ್ನು ಬೇಕಾದ ಕಡೆ ಜೋಡಿಸಿಕೊಳ್ಳುವ ಹಳೆಯ ಸ್ವಾತಂತ್ರ್ಯ ಹೋಗಿತ್ತು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿಗೆ ಹೋದರು. ಹಳೆಯ ಗ್ನೋಮ್‌ನ ಕೋಡ್ ಹಿಡಿದು ಕೆಲವರು 'ಮಾಟೆ' ಕಟ್ಟಿದರು (ಹೆಸರು ದಕ್ಷಿಣ ಅಮೆರಿಕದ ಒಂದು ಕಷಾಯದ್ದು, ಸಿಟ್ಟಿನಲ್ಲಿ ಹುಟ್ಟಿದ್ದಕ್ಕೆ ತಂಪಾದ ಹೆಸರೇ). ಲಿನಕ್ಸ್ ಮಿಂಟ್‌ನವರು 'ಸಿನಮನ್' ಕಟ್ಟಿದರು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಟಾಸ್ಕ್‌ಬಾರನ್ನು ಪರದೆಯ ಮೇಲಕ್ಕೋ ಪಕ್ಕಕ್ಕೋ ಸರಿಸಲಾಗದೆ ಹೋದಾಗಲೂ ಇದೇ ಗದ್ದಲ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2013ರ ಉಬುಂಟು 13.10. ಆಗ ಭಾಷೆ ಬದಲಿಸಲು ಸೂಪರ್ ಮತ್ತು ಸ್ಪೇಸ್ ಕೀಲಿಗಳ ಜೋಡಿ ಬಂತು. ಆಲ್ಟ್-ಶಿಫ್ಟ್ ಒತ್ತಿ ರೂಢಿಯಾಗಿದ್ದವರಿಗೆ ಸೆಟ್ಟಿಂಗ್‌ನಲ್ಲಿ ಅದನ್ನು ಮರಳಿ ಇಟ್ಟುಕೊಳ್ಳುವುದೂ ಸಾಧ್ಯವಾಗಲಿಲ್ಲ. ಎರಡು ಲಿಪಿಗಳಲ್ಲಿ ಬರೆಯುವವರಿಂದ ದೂರುಗಳು ಬಂದವು. ಇಂಗ್ಲಿಷ್ ಒಂದರಲ್ಲೇ ಬರೆಯುವವರಿಗೆ ಇಂಥದೊಂದು ಬದಲಾವಣೆ ಆಗಿದ್ದೇ ತಿಳಿದಿರಲಾರದು.

ಕನ್ನಡದೊಳಗೂ ಇಂಥ ಪ್ರಶ್ನೆಯಿದೆ. ಕರ್ನಾಟಕ ಸರ್ಕಾರ ಒಪ್ಪಿದ್ದು, ನುಡಿ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಅದು ಇಂಗ್ಲಿಷ್ ಅಕ್ಷರದ ಸದ್ದು ಹಿಡಿದು ನಡೆಯುತ್ತದೆ; ಒತ್ತಕ್ಷರಕ್ಕೆ ಎಫ್ ಕೀಲಿ. ಕಲಿಯಲು ಸುಲಭ, ಬಳಸಲು ಚುರುಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಬೇರೆ ದಾರಿಯದು: ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ, ಹಲಂತಕ್ಕೆ ಡಿ ಕೀಲಿ. ಅದರ ಹೆಚ್ಚುಗಾರಿಕೆ ಬೆಂಗಳೂರಿನಲ್ಲಿ ಕಾಣುವುದು ಕಡಿಮೆ, ಗಡಿಯಲ್ಲಿ ಕಾಣುತ್ತದೆ. ಕನ್ನಡದ 'ಕ' ಎಲ್ಲಿದೆಯೋ ದೇವನಾಗರಿಯ 'ಕ' ಕೂಡ ಅಲ್ಲೇ, ತೆಲುಗಿನದೂ ಅಲ್ಲೇ. ಕೈ ಒಂದನ್ನು ಕಲಿತರೆ ಮೂರು ಲಿಪಿ ಬರುತ್ತವೆ. ಔರಾದದಲ್ಲಿ ಮರಾಠಿ ಅರ್ಜಿಯನ್ನೂ ಕನ್ನಡ ಅರ್ಜಿಯನ್ನೂ ಟೈಪ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಹಾಗೆಂದು ಇನ್‌ಸ್ಕ್ರಿಪ್ಟನ್ನೇ ಎಲ್ಲರ ಮೇಲೆ ಹೇರಿದರೆ ನುಡಿಯಲ್ಲಿ ಪಳಗಿದವರ ಬೆರಳುಗಳು ತಡವರಿಸುತ್ತವೆ. ಎರಡೂ ಇರಬೇಕು, ಅದೂ ಒಂದೇ ಯಂತ್ರದಲ್ಲಿ, ಸುಲಭವಾಗಿ ಸಿಗುವಂತೆ.

ಪೆನಿಂಗ್ಟನ್ ವಾದದ ಜೊತೆ ನನ್ನ ತಕರಾರು ಇಷ್ಟೇ. ಆಯ್ಕೆಗಳನ್ನು ತೆಗೆಯುವಾಗ ಎಣಿಸುವುದು ಎಷ್ಟು ಜನ ಬಳಸುತ್ತಾರೆ ಎಂಬುದನ್ನು. ಬಳಸುವವರಿಗೆ ಬೇರೆ ದಾರಿಯಿದೆಯೇ ಎಂಬ ಪ್ರಶ್ನೆ ಆ ಎಣಿಕೆಯಲ್ಲಿ ಬರುವುದಿಲ್ಲ. ವಾಲ್‌ಪೇಪರ್ ಬದಲಿಸಲಾಗದಿದ್ದರೆ ಬೇಸರವಾಗುತ್ತದೆ, ಅಷ್ಟೆ. ಭಾಷೆಯ ಕೀಲಿ ಅಂಥದ್ದಲ್ಲ. ಗ್ನೋಮ್‌ನಲ್ಲಿ ಆಲ್ಟ್-ಶಿಫ್ಟ್ ಬೇಕಾದವರು ಮುಖ್ಯ ಸೆಟ್ಟಿಂಗ್ ಬಿಟ್ಟು 'ಟ್ವೀಕ್ಸ್' ಎಂಬ ಬೇರೆಯ ತಂತ್ರಾಂಶ ಹಾಕಿಕೊಂಡು, ಅದರೊಳಗೆ ಹೋಗಿ ಹುಡುಕಿಕೊಳ್ಳುತ್ತಾರೆ.