ಯಾರ ರೂಢಿ, ಯಾರ ಕಾನೂನು?

ನಮ್ಮದು ನೂರಾರು ಜಾತಿ, ಮತ, ಭಾಷೆಗಳ ದೇಶ. ಇಲ್ಲಿನ ಬಗೆಬಗೆಯ ರೀತಿ ರಿವಾಜುಗಳನ್ನು ಕಾನೂನು ಗೌರವಿಸುತ್ತ ಬಂದಿದೆ ಅಂತ ಶಾಲೆಯಲ್ಲಿ ಕಲಿಸುತ್ತೇವೆ. ಮಾತೇನೋ ಚೆನ್ನಾಗಿದೆ. ಆದರೆ ಚರಿತ್ರೆಯ ಕಾಗದಗಳನ್ನು ತೆಗೆದು ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಕಾನೂನು ಗೌರವಿಸಿದ್ದು ಯಾರ ರೂಢಿಯನ್ನು? ಮುರಿದು ಹಾಕಿದ್ದು ಯಾರ ರೂಢಿಯನ್ನು? ಕಳೆದ ಇನ್ನೂರೈವತ್ತು ವರ್ಷಗಳಲ್ಲಿ ಈ ಲೆಕ್ಕ ಒಂದೇ ಕಡೆಗೆ ವಾಲಿದೆ.

1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಒಂದು ಕಟ್ಟಳೆ ಮಾಡಿದ. ಮದುವೆ, ವಾರಸುದಾರಿಕೆ, ಜಾತಿ, ಧರ್ಮಾಚರಣೆಗಳ ತಕರಾರು ಬಂದರೆ ಮುಸಲ್ಮಾನರಿಗೆ ಕುರಾನಿನ ಪ್ರಕಾರ, ಹಿಂದೂಗಳಿಗೆ ಶಾಸ್ತ್ರದ ಪ್ರಕಾರ ನ್ಯಾಯ ಹೇಳಬೇಕು ಅಂತ. ಹನ್ನೊಂದು ಜನ ಪಂಡಿತರನ್ನು ಕೂರಿಸಿ ಸಂಸ್ಕೃತದಲ್ಲಿ ಗ್ರಂಥ ಬರೆಸಿದರು. ಅದು ಪರ್ಷಿಯನ್ ಭಾಷೆಗೆ ಹೋಗಿ, ಅಲ್ಲಿಂದ ಹಾಲ್ಹೆಡ್ ಎಂಬಾತನ ಕೈಯಲ್ಲಿ ಇಂಗ್ಲಿಷಾಗಿ 1776ರಲ್ಲಿ ಅಚ್ಚಾಯಿತು. ಶಾಸ್ತ್ರ ಓದುವುದಿರಲಿ, ಕಿವಿಯಿಂದ ಕೇಳುವುದಕ್ಕೂ ಯೋಗ್ಯರಲ್ಲ ಅಂತ ಯಾರನ್ನು ದೂರ ಇಟ್ಟಿದ್ದರೋ ಅವರಿಗೂ ಇನ್ನು ಮೇಲೆ ಅದೇ ಶಾಸ್ತ್ರ ಕಾನೂನಾಯಿತು. ನೂರಾರು ಕುಲಗಳ ನೂರಾರು ನಡಾವಳಿ ಎರಡು ಪುಸ್ತಕಗಳ ಸಂದಿಯಲ್ಲಿ ಸಿಕ್ಕಿಕೊಂಡಿತು.

ಆಮೇಲೆ 1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ಮಾತು ಹೇಳಿತು: ಸ್ಪಷ್ಟವಾಗಿ ರುಜುವಾತಾದ ರೂಢಿ ಶಾಸ್ತ್ರದ ಮಾತಿಗಿಂತ ಮೇಲು. ಇದು ಒಳ್ಳೆಯದೇ ಅಲ್ಲವೆ ಅನ್ನಿಸಬಹುದು. ಆದರೆ ರೂಢಿ ಪುರಾತನದ್ದು, ನಿರಂತರವಾದದ್ದು ಅಂತ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಅದಕ್ಕೆ ವಕೀಲ ಬೇಕು, ದಸ್ತೈವಜು ಬೇಕು, ದುಡ್ಡು ಬೇಕು. ಅವೆಲ್ಲ ಇದ್ದದ್ದು ಯಾರ ಹತ್ತಿರ?

ನಮ್ಮ ಹೆಣ್ಣುಮಕ್ಕಳ ಸಂಗತಿ ನೋಡಿ. ಉತ್ತರ ಕರ್ನಾಟಕದ ಅನೇಕ ಶೂದ್ರ, ದಲಿತ ಜಾತಿಗಳಲ್ಲಿ ಗಂಡ ಸತ್ತ ಹೆಂಗಸು ಉಡಿಕೆ ಮಾಡಿಕೊಳ್ಳುವುದು ಹಳೆಯ ರೂಢಿ. ಇದಕ್ಕೆ ಯಾವ ಸುಧಾರಕರ ಅಪ್ಪಣೆಯೂ ಬೇಕಿರಲಿಲ್ಲ. 1856ರಲ್ಲಿ ಸರ್ಕಾರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ತಂದಿತು. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂರಬೇಕಾಗಿದ್ದ ಮೇಲ್ಜಾತಿಯ ವಿಧವೆಯರಿಗೆ ಅದು ಬಾಗಿಲು ತೆರೆಯಿತು, ಸುಳ್ಳಲ್ಲ. ಆದರೆ ಅದೇ ಕಾಯ್ದೆಯ ಎರಡನೆಯ ಕಲಮಿನಲ್ಲಿ ಒಂದು ಕೊಕ್ಕೆ ಇತ್ತು. ಮರುಮದುವೆಯಾದ ಹೆಂಗಸು ಮೊದಲ ಗಂಡನ ಆಸ್ತಿಯ ಪಾಲಿಗೆ ಸತ್ತಂತೆಯೇ ಲೆಕ್ಕ.

ಮೊದಲಿನಿಂದಲೂ ಮರುಮದುವೆಯ ರೂಢಿ ಇರುವ ಜಾತಿಗಳಿಗೆ ಈ ಕಲಮು ತಗಲುತ್ತದೆಯೋ ಇಲ್ಲವೋ? ತಗಲುವುದಿಲ್ಲ, ಆ ಹೆಂಗಸರಿಗೆ ಈ ಕಾಯ್ದೆಯ ಹಂಗೇ ಇಲ್ಲ ಅಂದಿತು ಅಲಹಾಬಾದ್ ಹೈಕೋರ್ಟು. ತಗಲುತ್ತದೆ ಅಂತ 1896ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣ ಪೀಠ ತೀರ್ಮಾನಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಮುಂಬಯಿ ಇಲಾಖೆಯಲ್ಲಿದ್ದವು. ಕೆಲವು ಜಾತಿಗಳಲ್ಲಿ ರೂಢಿಯೇ ಆಸ್ತಿ ಬಿಡಿಸುತ್ತಿತ್ತು ಅನ್ನುವುದೂ ನಿಜ. ಆದರೆ ರೂಢಿ ಕುಲಕ್ಕೊಂದು ತರಹ, ಕಾಯ್ದೆ ಎಲ್ಲರಿಗೂ ಒಂದೇ ಏಟು. ಮೇಲ್ಜಾತಿಯ ಹೆಣ್ಣಿನ ಬಿಡುಗಡೆಗೆಂದು ಬರೆದ ಕಾಯ್ದೆ ಕೆಳಜಾತಿಯ ಹೆಣ್ಣಿನ ತುಂಡು ಹೊಲಕ್ಕೆ ಕೈ ಹಾಕಿತು. ಈ ಕಾಯ್ದೆ ರದ್ದಾದದ್ದು 1983ರಲ್ಲಿ.

ಅದೇ 1856ರ ಇನ್ನೊಂದು ಸಂಗತಿ ನಮ್ಮ ಧಾರವಾಡದ್ದು. ಮೇಷ್ಟರುಗಳು ಇದನ್ನು ತರಗತಿಯಲ್ಲಿ ಹೇಳಲೇಬೇಕು. ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ ಅಂತ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಶಾಲೆ ಯಾವ ಮಠದ್ದೂ ಅಲ್ಲ, ಅಗ್ರಹಾರದ್ದೂ ಅಲ್ಲ, ಸರ್ಕಾರದ್ದು. ಸರ್ಕಾರ ಜುಲೈ ತಿಂಗಳಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ನ್ಯಾಯವೇನೋ ಅರ್ಜಿದಾರನ ಕಡೆಗಿದೆ, ಆದರೆ ಒಬ್ಬನೇ ಒಬ್ಬ ಮಹಾರನಿಗಾಗಿ ಉಳಿದವರೆಲ್ಲ ಬಿಟ್ಟುಹೋಗುವ ಹಾಗೆ ಮಾಡಲಾಗದು. ಕಲ್ಕತ್ತೆಯ ದೊಡ್ಡ ಸರ್ಕಾರಕ್ಕೂ ವಿಷಯ ಹೋಯಿತು. ಬಂಗಾಳದ ಸರ್ಕಾರಿ ಶಾಲೆಯಲ್ಲಾಗಿದ್ದರೆ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದು ಅದು 1857ರ ಜನವರಿಯಲ್ಲಿ ಬರೆಯಿತು. ಅದೇ ಪತ್ರದಲ್ಲಿ, ಮುಂಬಯಿಯವರು ಜಾಣತನದಿಂದಲೇ ನಡೆದುಕೊಂಡಿರಬಹುದು ಅಂತಲೂ ಸೇರಿಸಿತು!

ಗಮನಿಸಿ. ಹುಡುಗ ಕೇಳಿದ್ದು ಅಕ್ಷರ. ಸರ್ಕಾರ ನೋಡಿದ್ದು ಉಳಿದವರ ರೂಢಿಯ ಮುಖ. ಜನರ ಆಚಾರಗಳಲ್ಲಿ ತಾನು ಕೈ ಹಾಕುವುದಿಲ್ಲ ಅನ್ನುವುದು ಕಂಪನಿ ಸರ್ಕಾರದ ನೀತಿ. ಕೈ ಹಾಕದೆ ಇರುವುದು ಅಂದರೆ ಹೊಡೆಯುವವನ ಕೈ ಹಿಡಿಯದೆ ಇರುವುದು ಅಂತ ಧಾರವಾಡ ತೋರಿಸಿಕೊಟ್ಟಿತು.

ಹಾಗಾದರೆ ಆ ಸರ್ಕಾರ ಯಾರ ಬದುಕಿನಲ್ಲೂ ಕೈ ಹಾಕಲಿಲ್ಲವೆ? ಹಾಕಿತು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಮೊದಲು ಉತ್ತರ ಹಿಂದೂಸ್ಥಾನದಲ್ಲಿ, 1911ರ ಹೊತ್ತಿಗೆ ಇಡೀ ಬ್ರಿಟಿಷ್ ಇಂಡಿಯಾದಲ್ಲಿ. ಒಂದು ಕುಲವನ್ನು ಅಪರಾಧಿ ಅಂತ ಸಾರಿದರೆ ಮುಗಿಯಿತು. ಹೆಸರು ರಿಜಿಸ್ಟರಿಗೆ, ಬೆರಳು ಮಸಿಗೆ, ಪೊಲೀಸರ ಮುಂದೆ ಹಾಜರಿ, ಊರು ಬಿಡಲು ಪಾಸು. ಕೊರಚರು ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ತರುತ್ತಿದ್ದವರು. ಸರ್ಕಾರ ಉಪ್ಪನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ರೈಲು ಬಂತು, ಅವರ ವ್ಯಾಪಾರ ಬಿದ್ದುಹೋಯಿತು. ಅಲೆಯುವುದು ಅವರ ಕಸುಬು. ಕಸುಬನ್ನು ಕಿತ್ತುಕೊಂಡ ಸರ್ಕಾರವೇ ಅಲೆಯುವುದನ್ನು ಅಪರಾಧ ಅಂತ ಕರೆಯಿತು.

ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಅಲ್ಲಿ ಕೂಡಿಹಾಕಿದ ಗಂಡಸರು ಹೆಂಗಸರು ಗಿರಣಿಗೆ, ಕಾರ್ಖಾನೆಗೆ ಸೋವಿಯ ಕೂಲಿಯಾಳುಗಳಾದರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಆ ಜಾಗಕ್ಕೆ ಸೆಟ್ಲಮೆಂಟ್ ಅನ್ನುವ ಹೆಸರು ಬೇಲಿ ಹೋದ ಮೇಲೂ ಉಳಿಯಿತು. ಸ್ವತಂತ್ರ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ನಮ್ಮಲ್ಲಿ 1961ರಲ್ಲಿ. ಕುಲದ ಹೆಸರು ಕಾಗದದಿಂದ ಹೋಯಿತು. ಠಾಣೆಯ ತಲೆಯಿಂದ ಹೋಗಲಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಟ್ಟಿಸಿಕೊಳ್ಳದಿರುವುದು ರೂಢಿ, ಅದಕ್ಕೆ ಮನ್ನಣೆ. ಊರಿಂದೂರಿಗೆ ಹೋಗಿ ದುಡಿಯುವುದು ಅಪರಾಧ, ಅದಕ್ಕೆ ಬೇಲಿ.

ಈ ರೂಢಿ ಎಂಬ ಮಾತನ್ನು ಕೋರ್ಟಿನಲ್ಲೇ ಎದುರಿಸಿದವರು ಬಾಬಾಸಾಹೇಬರು. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು ಠರಾವು ಮಾಡಿತು. ಮಹಾಡದ ಪುರಸಭೆಯೂ ತನ್ನ ಚವದಾರ್ ಕೆರೆಯ ಬಗ್ಗೆ ಹಾಗೇ ಠರಾವು ಮಾಡಿತು. ಕಾಗದದ ಮೇಲಿನ ನೀರು ಬಾಯಾರಿಕೆ ತೀರಿಸೀತೆ? 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಕೆರೆಯ ನೀರು ಕುಡಿದರು. ಮೇಲ್ಜಾತಿಯವರು ಹಲ್ಲೆ ಮಾಡಿದರು, ಕೆರೆಯನ್ನು ಶುದ್ಧಿ ಮಾಡಿದರು, ಆಮೇಲೆ ಕೋರ್ಟಿಗೆ ಹೋದರು. ಅಸ್ಪೃಶ್ಯರು ಈ ಕೆರೆ ಮುಟ್ಟದಿರುವುದು ಅನಾದಿ ಕಾಲದ ರೂಢಿ ಎಂಬುದೇ ಅವರ ವಾದ. ಡಿಸೆಂಬರಿನಲ್ಲಿ ತಾತ್ಕಾಲಿಕ ತಡೆಯಾಜ್ಞೆಯೂ ಸಿಕ್ಕಿತು. ಅದೇ ತಿಂಗಳ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟಿತು.

ಮೊಕದ್ದಮೆ ಹತ್ತು ವರ್ಷ ಎಳೆಯಿತು. 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟು ಅಂಬೇಡ್ಕರ್ ಪರವಾಗಿ ತೀರ್ಪು ಕೊಟ್ಟಿತು. ಗೆದ್ದೆವು. ಆದರೆ ಯಾವ ಕಾರಣಕ್ಕೆ ಗೆದ್ದೆವು? ಅಸ್ಪೃಶ್ಯತೆ ಅನ್ಯಾಯ ಅಂತ ಕೋರ್ಟು ಹೇಳಲಿಲ್ಲ. ಆ ರೂಢಿ ಅನಾದಿಯದು ಅಂತ ವಾದಿಗಳು ರುಜುವಾತು ಮಾಡಲಿಲ್ಲ ಎಂದಿತು ಅಷ್ಟೆ. ಅದು ಸಾಬೀತಾಗಿದ್ದರೆ ಆಗ ಅದು ಸರಿಯೋ ತಪ್ಪೋ ನೋಡಬೇಕಾಗುತ್ತಿತ್ತು ಅಂತ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟಿತು. ಅನ್ಯಾಯಕ್ಕೆ ವಯಸ್ಸಾದರೆ ಅದು ಹಕ್ಕಾಗುತ್ತದೆಯೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಕೋರ್ಟಿನಿಂದಲ್ಲ, ಸಂವಿಧಾನದಿಂದ.

1950ರ ಸಂವಿಧಾನದ 13ನೆಯ ವಿಧಿ ಕಾನೂನಿನ ಬಲವುಳ್ಳ ರೂಢಿಯನ್ನೂ ಕಾನೂನು ಅಂತಲೇ ಎಣಿಸಿ, ಮೂಲಭೂತ ಹಕ್ಕಿಗೆ ವಿರುದ್ಧವಾದರೆ ಅದು ಅಲ್ಲಿಗೆ ಅಸಿಂಧು ಎಂದಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ಕಿತ್ತುಹಾಕಿತು. ಅದೇ ಸಂವಿಧಾನದ 29ನೆಯ ವಿಧಿ ಪ್ರತಿ ಜನವರ್ಗಕ್ಕೂ ತನ್ನ ಭಾಷೆ, ಲಿಪಿ, ಸಂಸ್ಕೃತಿ ಕಾಪಾಡಿಕೊಳ್ಳುವ ಹಕ್ಕು ಕೊಟ್ಟಿತು. ಇವು ಒಂದಕ್ಕೊಂದು ವಿರೋಧವಲ್ಲ. ನಿನ್ನ ಹಾಡು ನೀನು ಹಾಡು, ನಿನ್ನ ದೇವರನ್ನು ನೀನು ಕುಣಿಸು. ಆದರೆ ಇನ್ನೊಬ್ಬನ ಬೆನ್ನ ಮೇಲೆ ಕೂತು ಅದನ್ನು ಸಂಸ್ಕೃತಿ ಅನ್ನಬೇಡ. ನಾವು ಓದುವುದು ಹೀಗೆ.

ಅದಾದ ಮೇಲೂ ಎಳೆದಾಟ ನಿಂತಿಲ್ಲ. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನದವರು ಇದು ನಮ್ಮ ಪಂಗಡದ ಗುಡಿ, ಎಲ್ಲರನ್ನೂ ಒಳಗೆ ಬಿಡೆವು ಅಂತ ಸುಪ್ರೀಂ ಕೋರ್ಟಿನವರೆಗೆ ಹೋದರು. 1957ರಲ್ಲಿ ಕೋರ್ಟು ಬಾಗಿಲು ತೆರೆಸಿತು. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಪಂಗಡದವರಷ್ಟೇ ಇರಬಹುದು ಅಂತ ಒಂದು ಕಿಂಡಿಯನ್ನೂ ಬಿಟ್ಟಿತು. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ, ಅಡಿಗೆ ಮಾಡುವ ಕೆಲಸ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂತ ಅದೇ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ. ಎಪ್ಪತ್ತನಾಲ್ಕು ವರ್ಷ ಬೇಕಾಯಿತು.

ನಮ್ಮ ಕೇರಿಯ ರೂಢಿಗಳೆಲ್ಲ ಒಳ್ಳೆಯವೇ ಅಂತಲೂ ನಾವು ಹೇಳಬಾರದು. ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. ಅದನ್ನು ನಮ್ಮ ಸಂಸ್ಕೃತಿಯ ಮೇಲಿನ ದಾಳಿ ಅಂತ ಯಾರಾದರೂ ಅಂದರೆ ಒಪ್ಪಲಾಗದು. ಮುತ್ತು ಕಟ್ಟಿಸಿಕೊಂಡವಳು ನಮ್ಮ ಹುಡುಗಿ, ಅದರ ಸುಖ ಉಂಡವನು ಗೌಡ. ಆದರೆ 2020ರಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ತಂದು, ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದೆಲ್ಲ ದನಗಳ ಹತ್ಯೆಯನ್ನು ನಿಷೇಧಿಸಿದಾಗ ಕಥೆ ಬೇರೆ. ಅಲ್ಲಿ ತಡೆದದ್ದು ಯಾರ ಶೋಷಣೆಯನ್ನೂ ಅಲ್ಲ. ಬಡವನ ತಾಟಿನ ಅನ್ನಕ್ಕೆ ಇನ್ನೊಬ್ಬರ ಮಡಿಯ ಅಳತೆಗೋಲು ಹಿಡಿದದ್ದು.

ಆದ್ದರಿಂದ ಗೆಳೆಯರೇ, ಇದು ನಮ್ಮ ಸಂಪ್ರದಾಯ, ಕಾನೂನು ಇದರಲ್ಲಿ ಬರಬಾರದು ಅಂತ ಯಾರೇ ಅಂದರೂ ಎರಡು ಪ್ರಶ್ನೆ ಕೇಳೋಣ. ಈ ಸಂಪ್ರದಾಯದ ಭಾರ ಹೊರುತ್ತಿರುವವರು ಯಾರು? ಅವರನ್ನು ಒಂದು ಸಲವಾದರೂ ಕೇಳಿದ್ದೀರಾ? ಹಾಗೆಯೇ, ಇದು ಕಾನೂನು, ಎಲ್ಲರೂ ಒಂದೇ ತರಹ ಇರಬೇಕು ಅಂತ ಸರ್ಕಾರ ಅಂದಾಗಲೂ ಅವೇ ಎರಡು ಪ್ರಶ್ನೆ ಕೇಳೋಣ. ಧಾರವಾಡದ ಆ ಹುಡುಗ ಒಬ್ಬನೇ ಅರ್ಜಿ ಬರೆದ. ಇವತ್ತು ನಾವು ಒಬ್ಬೊಬ್ಬರೇ ಬರೆಯಬೇಕಾಗಿಲ್ಲ.